ಹೆಚ್ಚಿಗೆ ತಂದ ಮೊಂಬತ್ತಿ

ಮಗಳ ವಿಡಿಯೋ ಕರೆ ಬಂದರೆ ನಾನು ಫೋನು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಬಹ್ರೈನಿನ ಸನದ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಎಲ್ಲಿ ಕೂತರೂ ಬೆನ್ನ ಹಿಂದೆ ಅತ್ತೆಯ ಕೋಣೆ ಕಾಣುತ್ತದೆ. ಬಾಗಿಲು ಹಾಕಿದರೆ ಯಾಕೆ ಹಾಕಿದ್ದು ಎಂದು ಮಗಳು ಕೇಳುತ್ತಾಳೆ, ತೆರೆದಿಟ್ಟರೆ ಖಾಲಿ ಮಂಚ ಕಾಣುತ್ತದೆ. ಅಡುಗೆಮನೆಯಲ್ಲಿ ಆ ತೊಂದರೆ ಇಲ್ಲ. ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರೆ ಫ್ರಿಜ್ಜು ಮಾತ್ರ ಕಾಣುತ್ತದೆ. ಹೀಗೆ ನಾಲ್ಕು ವಾರ ನಾನು ಫ್ರಿಜ್ಜಿಗೆ ಒರಗಿ ನಿಂತು, ಹೆತ್ತ ಮಗಳಿಗೆ ಸುಳ್ಳು ಹೇಳಿದೆ.

ಅತ್ತೆ ತೀರಿಕೊಂಡಿದ್ದರು. ಮಗಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ದಿನ ಅವಳು ನನ್ನ ಮಾತನ್ನು ಮತ್ತೆ ನಂಬುತ್ತಾಳೋ ಇಲ್ಲವೋ ಎನ್ನುವುದೊಂದೇ ನನಗೆ ಆ ದಿನಗಳಲ್ಲಿ ಇದ್ದ ಹೆದರಿಕೆ.

ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಬರೆಯಲು ಬರುವುದು ಕನ್ನಡವೊಂದೇ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಿಗೆ ಓದಲಾಗದ ಭಾಷೆಯಲ್ಲಿ ಅವಳ ವಿಷಯ ಬರೆಯುತ್ತಿದ್ದೇನೆ ಎನ್ನುವುದೂ ನನ್ನ ಮನಸ್ಸಿನಲ್ಲಿದೆ.

ಅವಳಿಗೆ ಹದಿನಾರು ತುಂಬಿದ ವರ್ಷ, ಸ್ಕೂಲಿನ ಮೂಲಕ ಒಂದು ವರ್ಷ ನಾರ್ವೆಯಲ್ಲಿ ಓದುವ ಅವಕಾಶ ಬಂತು. ಅಲ್ಲಿಯ ಒಂದು ಕುಟುಂಬದ ಜೊತೆ ಅವರ ಮಗಳ ಹಾಗೆ ಇರಬೇಕು, ಅವರು ತಿಂದದ್ದು ತಿನ್ನಬೇಕು, ಅವರ ಹಬ್ಬ ಆಚರಿಸಬೇಕು. ನನ್ನ ಗಂಡ ಆಫೀಸಿನವರನ್ನೆಲ್ಲ ಕೇಳಿ ಬಂದು, ಒಳ್ಳೆಯ ದೇಶ, ಹೋಗಲಿ ಎಂದರು. ನಾನು ಒಪ್ಪಲಿಲ್ಲ. ಒಪ್ಪಿಸಿದ್ದು ಅತ್ತೆ. ಗಂಡ ತಾಯಿಯನ್ನು ಮಾಯ್ ಎಂದು ಕರೆಯುವುದನ್ನು ಕೇಳಿ ಬೆಳೆದ ಮಗಳಿಗೂ ಅವರು ಮಾಯ್. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಮಾಯ್.

"ನೀನು ಬಹ್ರೈನಿಗೆ ಬರುವಾಗ ನಿನಗೆ ಎಂತ ಗೊತ್ತಿತ್ತು?" ಎಂದು ಮಾಯ್ ನನ್ನನ್ನು ಕೇಳಿದರು. "ಗ್ಯಾಸ್ ಹಚ್ಲಿಕ್ಕೆ ಹೆದರ್ತಿದ್ದೆ. ಮಗು ಹೋಗ್ಲಿ. ನಮ್ಮ ಹಾಗೆ ಪುಕ್ಕಲು ಆಗುವುದು ಬೇಡ."

ಮಗಳ ಬ್ಯಾಗಿನಲ್ಲಿ ಮಾಯ್ ಒಂದು ಹೊಸ ಬಾಚಣಿಗೆ ಇಟ್ಟರು. ತಲೆ ಬಾಚುವುದಕ್ಕಲ್ಲ. ನಮ್ಮ ಕಡೆ ಕ್ರಿಸ್ಮಸ್‌ಗೆ ಕಿಡಿಯೊ ಎಂಬ ಸಣ್ಣ ತಿಂಡಿ ಮಾಡುತ್ತಾರೆ. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕ ಹಾಕುವುದು. ಮಾಯ್ ಪ್ರತಿ ಡಿಸೆಂಬರಿನಲ್ಲಿ ಹಾಲಿನ ನೆಲದ ಮೇಲೆ ಹಾಳೆ ಹಾಸಿ, ಮೊಮ್ಮಗಳನ್ನು ಎದುರು ಕೂರಿಸಿಕೊಂಡು ಸುತ್ತುತ್ತಿದ್ದರು. "ಅಲ್ಲಿಯವರಿಗೆ ಮಾಡಿ ಕೊಡು. ಬಾಚಣಿಗೆ ಯಾರಿಗೂ ತಲೆಗೆ ಹಾಕ್ಲಿಕ್ಕೆ ಕೊಡಬೇಡ ಮತ್ತೆ," ಎಂದರು. ಮಗಳು ನಕ್ಕಳು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಅರಾದ್‌ನಲ್ಲಿರುವ ಗಂಡನ ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿದೆವು. ಅಕ್ಕ ಮೆಟ್ಟಿಲಿಳಿದು ಬಂದು ಮಗಳ ಹಣೆಗೆ ಶಿಲುಬೆ ಗುರುತು ಎಳೆದರು. ಮಾಯ್ ಮಾತ್ರ ಅಲ್ಲೂ, ಏರ್‌ಪೋರ್ಟಿನಲ್ಲೂ ಕಾರಿನಿಂದ ಇಳಿಯಲಿಲ್ಲ. ಆಗಸ್ಟ್ ತಿಂಗಳ ಸೆಕೆ, ಮೊಣಕಾಲು ನೋವು. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಕಡೆಯ ಸಲ ಮುಟ್ಟಿದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ.

ಮೂರು ತಿಂಗಳು ಚೆನ್ನಾಗಿಯೇ ಹೋಯಿತು. ಅವಳಿದ್ದದ್ದು ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಆ ಮನೆಯ ಅಮ್ಮ ವೃದ್ಧರನ್ನು ನೋಡಿಕೊಳ್ಳುವ ಕೆಲಸದವರು, ಅಪ್ಪ ಮರದ ಕೆಲಸದವರು, ಮಕ್ಕಳು ದೊಡ್ಡವರಾಗಿ ಬೇರೆ ಊರಿನಲ್ಲಿದ್ದರು. ಮಗಳು ಕರೆ ಮಾಡಿದಾಗ ಮಾಯ್ ಫೋನಿಗೆ ಕಿವಿಯನ್ನೇ ಒತ್ತಿ ಹಿಡಿಯುತ್ತಿದ್ದರು, ಅವಳಿಗೆ ಬರೀ ಕಿವಿ ಕಾಣುತ್ತಿತ್ತು.

"ಮಾಯ್, ಕಿವಿ ತೆಗೀ, ಮುಖ ತೋರಿಸು!"

"ನನ್ನ ಮುಖ ನೋಡಿ ಎಂತ ಆಗ್ಲಿಕ್ಕುಂಟು? ಊಟ ಆಯ್ತಾ?"

"ಇಲ್ಲಿ ಸಂಜೆ ನಾಲ್ಕೂವರೆಗೇ ರಾತ್ರಿ ಊಟ, ಮಾಯ್. ಮಧ್ಯಾಹ್ನಕ್ಕೆ ಬ್ರೆಡ್ಡು. ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸು, ನೋಡ್ಲಿಕ್ಕೆ ಬಟ್ಟೆ ಸೋಪು."

"ಪಾಪ, ಅನ್ನ ಇಲ್ವಾ ಆ ಊರಲ್ಲಿ?"

"ಮತ್ತೆ ಇಲ್ಲಿ ಆಂಟಿ ಅಂತ ಕರೆಯುವುದಿಲ್ಲ. ಹೆಸರಿನಲ್ಲೇ ಕರೀಬೇಕು."

ಮಾಯ್‌ಗೆ ಇದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. "ತಾಯಿ ಪ್ರಾಯದವಳನ್ನು ಹೆಸರಲ್ಲಾ? ನೀನು ಕರೀಬೇಡ. ಸುಮ್ಮನೆ ಎದುರು ಹೋಗಿ ನಿಲ್ಲು," ಎಂದರು. ಮಗಳು ಹಾಗೇ ಮಾಡುತ್ತಿದ್ದಳಂತೆ. ಏನಾದರೂ ಬೇಕಾದರೆ ಹೋಗಿ ಎದುರು ನಿಲ್ಲುವುದು. ಆ ಅಮ್ಮನಿಗೆ ಮೊದಮೊದಲು ಇದೇನೆಂದು ಅರ್ಥವಾಗಲಿಲ್ಲವಂತೆ.

ನವೆಂಬರ್ ಕೊನೆಯ ವಾರ ಮಾಯ್ ಸ್ನಾನಕ್ಕೆ ಹೋದವರು ಬಾಗಿಲ ಬಳಿ ಬಿದ್ದರು. ಮೂರು ದಿನ ಆಸ್ಪತ್ರೆ. ಮೂರನೆಯ ದಿನ ಬೆಳಿಗ್ಗೆ ಪಾದ್ರಿಗಳು ಬಂದು ಅಂತ್ಯಾಭಿಷೇಕ ಕೊಟ್ಟರು. ನಮ್ಮ ಭಾಷೆ ಬರುವ ಪಾದ್ರಿ, ಮಾಯ್‌ಗೆ ಅರ್ಥವಾಗುವ ಮಾತಿನಲ್ಲಿ ಪ್ರಾರ್ಥನೆ ಹೇಳಿದರು. ಮಾಯ್ ತುಟಿ ಅಲ್ಲಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅದೊಂದು ದೇವರ ದಯೆ. ಹತ್ತು ಗಂಟೆಗೆ ಮಾಯ್ ಹೋದರು. ನೋವಿನಲ್ಲಿ ಕೂಗಲಿಲ್ಲ, ಅದು ಇನ್ನೊಂದು. ಸಾಮಾನಿನ ವಿಮಾನದಲ್ಲಿ ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸಬೇಡಿ ಎಂದು ಮೊದಲೇ ಹೇಳಿದ್ದರಿಂದ ಇಲ್ಲಿಯ ಕ್ರೈಸ್ತ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಮಣ್ಣು ಎನ್ನುವುದು ಮಾತಿಗೆ. ಅಲ್ಲಿರುವುದು ಮರಳು. ಹಿಡಿ ತುಂಬ ಹಾಕಿದರೆ ಬೆರಳ ಸಂದಿಯಿಂದ ಅರ್ಧ ಗಾಳಿಗೇ ಹೋಗುತ್ತದೆ.

ಸ್ಮಶಾನದಿಂದ ಬಂದು ಕೈಕಾಲು ತೊಳೆದು ಕೂತಾಗ ಅಕ್ಕ ಎಲ್ಲರಿಗಿಂತ ಮೊದಲು ಮಾತು ತೆಗೆದರು.

"ಅದಕ್ಕೆ ಈಗ ಹೇಳುವುದು ಬೇಡ."

ಅದು ಎಂದರೆ ನನ್ನ ಮಗಳು. ಹೆಣ್ಣುಮಕ್ಕಳನ್ನು ನಾವು ಹಾಗೇ ಹೇಳುವುದು.

"ಕೇಳಿದ್ರೆ ಅದು ಅಲ್ಲಿ ಎಂತ ಮಾಡ್ತದೆ? ಆ ಕತ್ತಲಲ್ಲಿ, ಆ ಹಿಮದಲ್ಲಿ, ಯಾರದೋ ಮನೆಯಲ್ಲಿ ಕೂತು ಒಂದೇ ಕೂಗ್ಬೇಕು. ಬ್ಯಾಗು ಕಟ್ಟಿ ವಾಪಸ್ ಬಂದ್ರೆ ವರ್ಷ ಹೋಯ್ತು. ಜೂನಿಗೆ ಬರ್ತದಲ್ಲ, ಆಗ ಎದುರು ಕೂರಿಸಿ ಹೇಳುವ."

ಗಂಡ ತಲೆಯಾಡಿಸಿದರು. ನಾನು, "ಆರು ತಿಂಗಳು ಹೇಗೆ ಮುಚ್ಚಿಡುವುದು?" ಎಂದೆ.

"ನಾವೆಲ್ಲ ಹಾಗೇ ಮಾಡಿದ್ದಲ್ವಾ? ನಿನಗೆ ಮಾಡ್ಲಿಲ್ವಾ?" ಎಂದರು ಅಕ್ಕ.

ಮಾಡಿದ್ದರು. ಗಲ್ಫಿಗೆ ಬಂದ ನಮ್ಮವರಲ್ಲಿ ಇದು ನಡೆದುಬಂದ ರೀತಿ. ಸತ್ತ ಸುದ್ದಿಯನ್ನು ದೂರ ಇರುವವರಿಗೆ ನೇರ ಹೇಳುವುದಿಲ್ಲ. ಗಂಡಸಿಗಾದರೆ "ಸೀರಿಯಸ್ ಉಂಟು, ಬೇಗ ಬಾ" ಎನ್ನುತ್ತಾರೆ. ಅವನು ಊರಿನಲ್ಲಿ ಇಳಿದು, ಕರೆದೊಯ್ಯಲು ಬಂದವರ ಮುಖ ನೋಡಿ ತಿಳಿದುಕೊಳ್ಳುತ್ತಾನೆ. ಹೆಂಗಸಿಗೆ ಇನ್ನೂ ತಡವಾಗಿ. ಈ ಮಗಳು ನನ್ನ ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ನಾನು ಫೋನು ಮಾಡಿದಾಗಲೆಲ್ಲ ಅಪ್ಪ ಪೇಟೆಗೆ ಹೋಗಿದ್ದಾರೆ, ಅಪ್ಪ ಮಲಗಿದ್ದಾರೆ ಎನ್ನುತ್ತಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಅಪ್ಪನಿಗೆಂದು ಒಂದು ಸ್ವೆಟರ್ ಕಳಿಸಿದೆ. ಅದು ತಲುಪುವಾಗ ಅಪ್ಪನಿಗೆ ಮಣ್ಣು ಹಾಕಿ ಮೂರು ವಾರ. ಸ್ವೆಟರ್ ಸರಿಯಾಯಿತಾ ಎಂದು ಕೇಳಿದರೆ ಅಮ್ಮ, "ಹೌದು, ಚೆಂದ ಕಾಣ್ತದೆ," ಎಂದರು. ಮಗುವಿಗೆ ಜ್ಞಾನಸ್ನಾನ ಆದ ಮೇಲೆ, ಮಗುವನ್ನು ತಮ್ಮ ಮಡಿಲಿಗೆ ತೆಗೆದುಕೊಂಡು, ಮಾಯ್ ನನಗೆ ವಿಷಯ ಹೇಳಿದರು. ಅಪ್ಪನಿಗಾಗಿ ಅತ್ತದ್ದು ಮರೆತಿದೆ. ಅಮ್ಮ ಹೇಳಿದ "ಚೆಂದ ಕಾಣ್ತದೆ" ಎನ್ನುವ ಮಾತು ಮರೆತಿಲ್ಲ.

ಅಷ್ಟು ಗೊತ್ತಿದ್ದೂ ನಾನು ಅಕ್ಕನ ಮಾತಿಗೆ ಒಪ್ಪಿದೆ. ಮಗಳು ಅಲ್ಲಿ ಒಬ್ಬಳೇ ಅಳುವುದು ನನಗೆ ಬೇಡವಾಗಿತ್ತು. ಮಾಯ್‌ನ ಸಿಪಿಆರ್, ಅಂದರೆ ಇಲ್ಲಿಯ ಗುರುತಿನ ಕಾರ್ಡು, ವಾಪಸ್ ಕೊಡುವ ಕಾಗದಪತ್ರವೆಲ್ಲ ಒಂದು ವಾರದಲ್ಲಿ ಮುಗಿಯಿತು. ಸರಕಾರಕ್ಕೂ ಗೊತ್ತಾಯಿತು, ಮೂಲೆಯ ಕೋಲ್ಡ್ ಸ್ಟೋರ್ ಅಂಗಡಿಯವನಿಗೂ ಗೊತ್ತಾಯಿತು. ಗೊತ್ತಿಲ್ಲದ್ದು ಅವಳೊಬ್ಬಳಿಗೆ.

ಡಿಸೆಂಬರ್ ಬಂತು. ಮಗಳ ಮಾತಿನ ತುಂಬ ಹಬ್ಬ. ಭಾನುವಾರ ಬಂದರೆ ಅವರ ಮನೆಯಲ್ಲಿ ನಾಲ್ಕು ನೇರಳೆ ಮೊಂಬತ್ತಿಗಳಲ್ಲಿ ಒಂದೊಂದನ್ನೇ ಹಚ್ಚುತ್ತಾರೆ, ಕಿಟಕಿಗಳಲ್ಲೆಲ್ಲ ಕಾಗದದ ನಕ್ಷತ್ರ, ಮಧ್ಯಾಹ್ನ ಮೂರೂವರೆಗೆ ಕತ್ತಲು. ಹಾಲಿನಲ್ಲಿ ಬೇಯಿಸಿದ ಅನ್ನದ ಗಂಜಿಯಲ್ಲಿ ಒಂದೇ ಒಂದು ಬಾದಾಮಿ ಹಾಕುತ್ತಾರಂತೆ. ಸಿಕ್ಕಿದವರು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು, ಎಲ್ಲರೂ ಉಣ್ಣುವವರೆಗೆ ಬಾಯಿ ಬಿಡಬಾರದಂತೆ. "ನನಗೇ ಸಿಕ್ಕಿತು ಮಮ್ಮಿ! ಯಾರಿಗೂ ಗೊತ್ತೇ ಆಗ್ಲಿಲ್ಲ. ನಾನು ಎಷ್ಟು ಚೆಂದ ಆ್ಯಕ್ಟ್ ಮಾಡಿದೆ ಗೊತ್ತುಂಟಾ?" ಎಂದಳು. ನಾನು ಫ್ರಿಜ್ಜಿಗೆ ಒರಗಿ ನಿಂತು ನಕ್ಕೆ.

ಪ್ರತಿ ಸಲ ಕೊನೆಗೆ, "ಮಾಯ್‌ಗೆ ಕೊಡು" ಎನ್ನುತ್ತಿದ್ದಳು. ನಾನು ಒಂದು ಸಲ, ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಇನ್ನೊಂದು ಸಲ ಅಕ್ಕನ ಮನೆಯಲ್ಲಿದ್ದಾರೆ ಎಂದೆ. ಮತ್ತೊಂದು ಸಲ, ಕಿವಿ ಈಗ ಪೂರ್ತಿ ಕೇಳುವುದಿಲ್ಲ, ಫೋನಿನಲ್ಲಿ ಮಾತಾಡಲು ಬೇಜಾರು ಮಾಡಿಕೊಳ್ಳುತ್ತಾರೆ ಎಂದೆ. ಕರೆ ಮುಗಿದ ಮೇಲೆ ಜಪಸರ ಹಿಡಿದರೆ ಪ್ರಾರ್ಥನೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಹೇಳಿದೆ. "ಅವಳಿಗೆ ಯಾವಾಗ ಹೇಳ್ತೀರಿ?" ಎಂದು ಮಾತ್ರ ಕೇಳಿದರು.

ಆಮೇಲೆ ಕಿಡಿಯೊ ಮಾಡುವ ದಿನ ಬಂತು. ನಾರ್ವೆಯವರು ಕ್ರಿಸ್ಮಸ್‌ಗೆ ಏಳು ಬಗೆಯ ಬಿಸ್ಕತ್ತು ಮಾಡಬೇಕು ಎಂಬ ಪದ್ಧತಿ ಇಟ್ಟುಕೊಂಡಿದ್ದಾರಂತೆ. ಆ ಅಮ್ಮ ನನ್ನ ಮಗಳಿಗೆ, ಈ ಸಲ ಎಂಟನೆಯದು ನಿನ್ನದು ಎಂದಿದ್ದರು. ಮಗಳು ಅಂಗಡಿಯಿಂದ ಡಬ್ಬಿಯ ತೆಂಗಿನ ಹಾಲು ತಂದು, ಬಾಚಣಿಗೆ ತೊಳೆದಿಟ್ಟು, ಫೋನನ್ನು ಹಿಟ್ಟಿನ ಪಾತ್ರೆಗೆ ಒರಗಿಸಿ ಕರೆ ಮಾಡಿದಳು.

"ಮಾಯ್‌ನ ಅಳತೆ ಬೇಕು. ಮಾಯ್‌ಗೆ ಕೊಡು, ಕೇಳದಿದ್ರೆ ನೀನೇ ಜೋರಾಗಿ ಕೇಳು."

ಮಾಯ್‌ನ ಅಳತೆ ಮಾಯ್‌ನ ಕೈಯಲ್ಲಿತ್ತು. ಹದಿನೆಂಟು ವರ್ಷ ಅವರ ಜೊತೆ ಇದ್ದು ನಾನು ಮಾಡಿದ್ದು ಕರಿಯುವ ಕೆಲಸ ಮಾತ್ರ. ಹಿಟ್ಟು ಕಲೆಸಲು ಬಿಟ್ಟವರಲ್ಲ. ನಾನು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಖಾಲಿ ಹಾಲಿನ ಕಡೆ ಮುಖ ಮಾಡಿ, ದೊಡ್ಡ ದನಿಯಲ್ಲಿ, "ಮಾಯ್, ಹಿಟ್ಟಿಗೆ ಎಂತೆಂತ ಹಾಕ್ಲಿಕ್ಕೆ?" ಎಂದು ಕೂಗಿದೆ. ಒಂದು ಗಳಿಗೆ ನಿಂತೆ. ಕೇಳಿಸಿಕೊಂಡವಳ ಹಾಗೆ ತಲೆಯಾಡಿಸಿದೆ. ಬಂದು ನನ್ನ ತವರಿನ ರೀತಿಯಲ್ಲಿ ಹೇಳಿದೆ. ಎರಡು ಲೋಟ ಮೈದಾ, ಅರ್ಧ ಲೋಟ ತೆಂಗಿನ ಹಾಲು, ಒಂದು ಮೊಟ್ಟೆ.

"ಮೊಟ್ಟೆಯಾ?" ಎಂದಳು ಮಗಳು.

"ಹೌದು."

"ಮಾಯ್ ಹೇಳಿದ್ದಾ?"

"ಹೌದಮ್ಮ, ಇಲ್ಲೇ ಕೂತಿದ್ದಾರೆ. ಅವರೇ ಹೇಳಿದ್ದು."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಸರಿ," ಎಂದಳು. ಕರೆ ಮುಗಿದ ಮೇಲೆ ನನಗೆ ನೆನಪಾಯಿತು. ಮೊಟ್ಟೆ ಹಾಕಿದರೆ ಎರಡನೇ ದಿನಕ್ಕೆ ಕಲ್ಲಾಗುತ್ತದೆ ಎಂದು ಮಾಯ್ ಪ್ರತಿ ವರ್ಷ ನನ್ನ ತವರನ್ನು ಹಂಗಿಸುತ್ತಿದ್ದರು. ಎದುರು ಕೂತು ಸುತ್ತುತ್ತಿದ್ದವಳು ಅದನ್ನು ಎಷ್ಟು ಸಲ ಕೇಳಿರಬೇಕು.

ಸಾವಾದ ಮನೆಯಲ್ಲಿ ಆ ವರ್ಷ ನಾವು ಹಬ್ಬದ ತಿಂಡಿ ಮಾಡುವುದಿಲ್ಲ, ನಕ್ಷತ್ರ ಕಟ್ಟುವುದಿಲ್ಲ. ಪರಿಚಯದವರು ತಟ್ಟೆಯಲ್ಲಿ ತಿಂಡಿ ಇಟ್ಟು ಮೇಲೆ ಬಟ್ಟೆ ಮುಚ್ಚಿ ತಂದುಕೊಡುತ್ತಾರೆ. ಹಾಗೆ ಏಳು ತಟ್ಟೆ ಬಂದಿದ್ದವು. ನಮ್ಮನ್ನು ನೆನೆಸಿಕೊಂಡ ಏಳು ಮನೆಗಳು ಎಂದು ದೇವರಿಗೆ ವಂದನೆ ಹೇಳಿದೆ. ಆದರೆ ಹಬ್ಬದ ಹಿಂದಿನ ದಿನ ಅಕ್ಕ ಬಂದು, "ವಿಡಿಯೋದಲ್ಲಿ ನಕ್ಷತ್ರ ಕಾಣದಿದ್ರೆ ಅದಕ್ಕೆ ಡೌಟ್ ಬರ್ತದೆ," ಎಂದರು. ಗಂಡ ಬಾಲ್ಕನಿಯಲ್ಲಿ ಕಳೆದ ವರ್ಷದ ನಕ್ಷತ್ರ ಕಟ್ಟಿದರು. ಕೆಳಗೆ ರಸ್ತೆಯಲ್ಲಿ ಬಹ್ರೈನಿನ ರಾಷ್ಟ್ರೀಯ ದಿನದ ಕೆಂಪು ಬಿಳಿ ದೀಪಗಳು ಇನ್ನೂ ಇದ್ದವು. ಮೆಟ್ಟಿಲಲ್ಲಿ ಸಿಕ್ಕಿದ ಪಕ್ಕದ ಮನೆಯ ಮಲಯಾಳಿ ಹೆಂಗಸು ನಕ್ಷತ್ರ ನೋಡಿದ್ದರು. ಮುಖ ತಿರುಗಿಸಿ ಮೇಲೆ ಹೋದರು. ನಾನು ಕಪ್ಪು ಬಟ್ಟೆ ಬಿಚ್ಚಿ ಹಸಿರು ಚೂಡಿದಾರ ಹಾಕಿಕೊಂಡೆ.

ಇಪ್ಪತ್ತನಾಲ್ಕರ ಸಂಜೆ ಐದೂವರೆಗೆ ಕರೆ ಬಂತು. ಇಲ್ಲಿ ಕ್ರಿಸ್ಮಸ್‌ಗೆ ರಜೆಯಿಲ್ಲ, ಗಂಡ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅವಳಿಗೆ ಆಗ ಮೂರೂವರೆ. ಫೋನಿನಲ್ಲಿ ಮೊದಲು ಕಂಡದ್ದು ಕತ್ತಲು, ಆಮೇಲೆ ದೀಪಗಳು. ಇಷ್ಟು ದೀಪ ಎಲ್ಲಿ ಎಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನೆಲವೆಲ್ಲ ಬಿಳಿ ಹಿಮ, ಹಿಮದಲ್ಲಿ ಸಾಲುಸಾಲು ಕಲ್ಲುಗಳು, ಒಂದೊಂದು ಕಲ್ಲಿನ ಬುಡದಲ್ಲಿ ಒಂದೊಂದು ಮೊಂಬತ್ತಿ.

"ಸ್ಮಶಾನ, ಮಮ್ಮಿ!" ಎಂದಳು. ಟೊಪ್ಪಿಯೊಳಗಿಂದ ಮೂಗು ಮಾತ್ರ ಕಾಣುತ್ತಿತ್ತು, ಕೆಂಪಾಗಿತ್ತು. "ಇಲ್ಲಿ ಕ್ರಿಸ್ಮಸ್ ಹಿಂದಿನ ದಿನ ಚರ್ಚು ಮುಗಿಸಿ ಎಲ್ಲರೂ ಇಲ್ಲಿಗೆ ಬರುವುದು. ಸತ್ತವರಿಗೆ ದೀಪ ಹಚ್ಚಿಯೇ ಊಟಕ್ಕೆ ಕೂರುವುದು. ನಮ್ಮಲ್ಲಿ ನವೆಂಬರಲ್ಲಿ ಮಾಡ್ತೇವಲ್ಲ, ಹಾಗೆ. ಹೆದರಿಕೆಯೇ ಆಗುವುದಿಲ್ಲ, ನೋಡು."

ಫೋನು ತಿರುಗಿಸಿದಳು. ಆ ಅಮ್ಮ ಮೊಣಕಾಲೂರಿ ಕೂತು, ಕೈಗವಸು ತೆಗೆದು ಕಲ್ಲಿನ ಮೇಲಿನ ಹಿಮ ಒರೆಸುತ್ತಿದ್ದರು. ಅವರ ಅಪ್ಪನ ಸಮಾಧಿಯಂತೆ. ದೀಪ ಹಚ್ಚಿ ಎದ್ದು ನನಗೆ ಕೈ ಬೀಸಿದರು. ಆಮೇಲೆ ಕೋಟಿನ ಜೇಬಿನಿಂದ ಇನ್ನೊಂದು ಮೊಂಬತ್ತಿ ತೆಗೆದು ಮಗಳ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವಳಿಗಾಗಿ ಒಂದು ಹೆಚ್ಚಿಗೆ ತಂದಿದ್ದರು. ನಿನಗೆ ಯಾರಾದರೂ ಇದ್ದಾರಾ, ದೂರದವರಾದರೂ ಸರಿ, ಇಲ್ಲಿ ಹಚ್ಚಬಹುದು ಎಂದರು.

"ನನಗೆ ಯಾರೂ ಇಲ್ಲ," ಎಂದಳು ಮಗಳು ಅವರಿಗೆ. "ನಮ್ಮ ಮನೆಯಲ್ಲಿ ಎಲ್ಲರೂ ಇದ್ದಾರೆ, ದೇವರ ದಯೆ."

ದೇವರ ದಯೆ ಎನ್ನುವುದು ನನ್ನಿಂದ ಕಲಿತ ಮಾತು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಕಡೆ ತಿರುಗಿ, "ಮಮ್ಮಿ, ಮಾಯ್‌ಗೆ ತೋರಿಸು ಇದನ್ನು. ಮಾಯ್‌ಗೆ ಖುಷಿಯಾಗ್ತದೆ. ಇವತ್ತು ನೆಪ ಹೇಳ್ಬೇಡ," ಎಂದಳು.

"ಮಲಗಿದ್ದಾರೆ ಮಗಾ."

"ಈ ಹೊತ್ತಿಗಾ? ಐದೂವರೆಗೆ ಮಾಯ್ ಚಾ ಕುಡಿಯುವುದಲ್ವಾ?"

ನಾನು ಫೋನನ್ನು ಇನ್ನೊಂದು ಕೈಗೆ ಬದಲಿಸಿದೆ. ಅವಳು ಆ ಅಮ್ಮ ಕೈಗಿತ್ತ ಮೊಂಬತ್ತಿಯನ್ನು ನೋಡಿ, "ಹಾಗಾದ್ರೆ ಇದನ್ನು ನಿನ್ನ ಅಪ್ಪನಿಗೆ ಹಚ್ಚಲಾ? ನಾನು ಅವರನ್ನು ನೋಡ್ಲೇ ಇಲ್ಲ. ಅವರು ಸತ್ತದ್ದು ನಿನಗೆ ಯಾರೂ ಹೇಳ್ಲಿಲ್ಲ ಅಲ್ವಾ, ಪಾಪ ನೀನು," ಎಂದಳು.

ಆ ಕಥೆ ಅವಳಿಗೆ ನಾನೇ ಹೇಳಿದ್ದು. ಸ್ವೆಟರಿನ ವಿಷಯ ಸಹ. ಸಣ್ಣವಳಿದ್ದಾಗ ಅದನ್ನು ಕೇಳಿ, "ನಾನು ನಿನಗೆ ಯಾವತ್ತೂ ಹಾಗೆ ಮಾಡುವುದಿಲ್ಲ," ಎಂದಿದ್ದಳು. ಈಗ ಹಿಮದಲ್ಲಿ ನಿಂತು, ಬೆಂಕಿಕಡ್ಡಿ ಗೀರಲು ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು.

"ಅದನ್ನು ಮಾಯ್‌ಗೆ ಹಚ್ಚು," ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಯಿಂದ ಬಂತು.

"ಎಂತ?"

"ಮಾಯ್‌ಗೆ ಹಚ್ಚು, ಪುತಾ. ಮಾಯ್ ಇಲ್ಲ."

ಅವಳು ಅಳಲಿಲ್ಲ. "ಯಾವಾಗ?" ಎಂದಳು.

"ನವೆಂಬರ್ ಕೊನೆಗೆ."

ಲೆಕ್ಕ ಹಾಕುವುದು ಮುಖದಲ್ಲಿ ಕಾಣುತ್ತಿತ್ತು. ನಾಲ್ಕು ಭಾನುವಾರ, ನಾಲ್ಕು ನೇರಳೆ ಮೊಂಬತ್ತಿ, ಬಾದಾಮಿ, ಬಾಚಣಿಗೆ. ಆಮೇಲೆ ಅವಳು ಕೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಹಾಗಾದ್ರೆ ಮೊಟ್ಟೆ ಹಾಕ್ಲಿಕ್ಕೆ ಹೇಳಿದ್ದು ಯಾರು?"

"ನಾನು," ಎಂದೆ.

ಫೋನು ಕೆಳಗೆ ಬಿತ್ತು. ಕಪ್ಪು ಆಕಾಶ ಕಂಡಿತು, ಅದರಿಂದ ಬಿಳಿ ಚೂರುಗಳು ನನ್ನ ಕಡೆಗೇ ಬೀಳುತ್ತಿದ್ದವು. ಆ ಅಮ್ಮನ ದನಿ ಕೇಳಿತು, ಮಗಳ ದನಿ ಕೇಳಲಿಲ್ಲ. ಕೊನೆಗೆ ಆ ಅಮ್ಮ ಫೋನು ಎತ್ತಿದರು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ನಾನು ಹಿಡಿದುಕೊಂಡಿದ್ದೇನೆ ಅವಳನ್ನು," ಎಂದರು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ಕರೆ ಕಡಿದುಹೋಯಿತು.

ಗಂಡ ಮನೆಗೆ ಬಂದಾಗ ನಾನು ಬಾಲ್ಕನಿಯ ನಕ್ಷತ್ರ ಬಿಚ್ಚುತ್ತಿದ್ದೆ. ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದು ಕೂತರು. "ಹಬ್ಬದ ದಿನವೇ ಹೇಳ್ಬೇಕಿತ್ತಾ?" ಎಂದರು. ಅಕ್ಕ ಫೋನಿನಲ್ಲಿ, "ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಮಾರಾಯ್ತಿ," ಎಂದರು. ನಾಲ್ಕು ವಾರ ನಿಂತದ್ದನ್ನು ಯಾರೂ ನೆನೆಯಲಿಲ್ಲ. ಏಳು ಗಂಟೆಗೆ ಆ ಅಮ್ಮನ ಸಂದೇಶ ಬಂತು. ದೀಪ ಹಚ್ಚಿದ್ದಾಳೆ, ತುಂಬ ಹೊತ್ತು ಅಲ್ಲೇ ನಿಂತಿದ್ದಳು, ಈಗ ಮನೆಯಲ್ಲಿದ್ದಾಳೆ ಎಂದಿತ್ತು. ಊಟಕ್ಕೆ ಹಂದಿಮಾಂಸ, ಮರದ ಸುತ್ತ ಕೈಕೈ ಹಿಡಿದು ಹಾಡುತ್ತ ಸುತ್ತುವುದು, ಎಲ್ಲ ಇತ್ತಂತೆ. ಅವಳು ಸುತ್ತಲು ಬರಲಿಲ್ಲ. ಒತ್ತಾಯ ಮಾಡದೆ, ಆ ಅಪ್ಪ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದರಂತೆ.

ಮಗಳು ನನಗೆ ಕರೆ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಆ ಅಮ್ಮ ಮಾತ್ರ ದಿನಕ್ಕೊಂದು ಸಾಲು ಬರೆಯುತ್ತಿದ್ದರು. ಉಂಡಳು. ನಿದ್ದೆ ಮಾಡಿದಳು. ಇವತ್ತು ಹೊರಗೆ ಬಂದಳು. ನಾನು ಆ ಸಾಲುಗಳನ್ನು ಜಪದ ಮಣಿಗಳ ಹಾಗೆ ಎಣಿಸುತ್ತಿದ್ದೆ. ಇನ್ನೊಂದು ದಯೆಯನ್ನೂ ಎಣಿಸಿದೆ. ಸುದ್ದಿ ಕೇಳುವಾಗ ಅವಳು ಕೋಣೆಯಲ್ಲಿ ಒಬ್ಬಳೇ ಇರಲಿಲ್ಲ. ಅವಳ ಕೈಯಲ್ಲಿ ದೀಪ ಇತ್ತು, ಸುತ್ತ ತಮ್ಮತಮ್ಮ ಸತ್ತವರಿಗಾಗಿ ನಿಂತ ಜನ ಇದ್ದರು, ಒಂದು ತೋಳು ಅವಳನ್ನು ಹಿಡಿದಿತ್ತು. ನನಗೆ ಅಪ್ಪನ ಸುದ್ದಿ ಸಿಕ್ಕಾಗ ಅಪ್ಪನಿಗಾಗಿ ಮಾಡಲು ಏನೂ ಉಳಿದಿರಲಿಲ್ಲ. ಒಂದು ಶುಕ್ರವಾರ ಪೂಜೆ ಮುಗಿಸಿ ನಾನೂ ಮಾಯ್‌ನ ಸಮಾಧಿಗೆ ಮೊಂಬತ್ತಿ ಒಯ್ದೆ. ಗಾಳಿಗೆ ನಾಲ್ಕು ಸಲ ಆರಿತು. ಕೊನೆಗೆ ಉಪ್ಪಿನಕಾಯಿಯ ಖಾಲಿ ಬಾಟಲಿಯೊಳಗೆ ಇಟ್ಟು ಹಚ್ಚಿದೆ.

ಜನವರಿ ಆರು, ಮೂರು ರಾಯರ ಹಬ್ಬದ ದಿನ ಕರೆ ಬಂತು. ನಾನು ಅಭ್ಯಾಸದಂತೆ ಅಡುಗೆಮನೆಗೆ ಹೊರಟವಳು ಹಾಲಿನಲ್ಲೇ ನಿಂತೆ. ಅವಳು ನಮಸ್ಕಾರ ಹೇಳಲಿಲ್ಲ, ಊಟ ಆಯಿತಾ ಎಂದು ಕೇಳಲಿಲ್ಲ.

"ಪಪ್ಪಾ ಎಲ್ಲಿ?"

"ಮಲಗಿದ್ದಾರೆ, ಸ್ವಲ್ಪ ಆಯಾಸ."

"ತೋರಿಸು."

ನಾನು ಫೋನು ಹಿಡಿದು ಕೋಣೆಗೆ ಹೋಗಿ ಗಂಡನನ್ನು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ಅವಳಿಗೆ ಕೈ ತೋರಿಸಿದರು. "ಮಾಯ್‌ನ ಕೋಣೆ ತೋರಿಸು," ಎಂದಳು. ಬಾಗಿಲು ತೆರೆದೆ. ಮಡಚಿಟ್ಟ ಹೊದಿಕೆ, ದಿಂಬು, ಕಿಟಕಿಯ ಕಟ್ಟೆಯ ಮೇಲೆ ಕನ್ನಡಕ. ಅವಳು ಬಹಳ ಹೊತ್ತು ನೋಡಿದಳು. ನನ್ನ ಕೈ ನೋಯಿತು, ಆದರೆ ಇಳಿಸಲಿಲ್ಲ.

"ಕನ್ನಡಕ ಅಲ್ಲೇ ಇರ್ಲಿ. ನಾನು ಬರುವವರೆಗೆ ತೆಗೀಬೇಡ."

"ತೆಗೆಯುವುದಿಲ್ಲ."

"ನಿಜವಾ?"

ಈಗ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ನಡೆಯುತ್ತಿದೆ, ಜೂನಿಗೆ ಇನ್ನೂ ಮೂರು ತಿಂಗಳಿದೆ. ಅವಳು ವಾರಕ್ಕೆರಡು ಸಲ ಕರೆ ಮಾಡುತ್ತಾಳೆ. ಕರೆ ಮಾಡುತ್ತಾಳಲ್ಲ, ಅದು ದೇವರ ದಯೆ. ಹಿಮದ ವಿಷಯ, ಸ್ಕೂಲಿನ ವಿಷಯ ಹೇಳುತ್ತಾಳೆ, ಒಮ್ಮೊಮ್ಮೆ ನಗುವುದೂ ಉಂಟು. ಆದರೆ ಮೊದಲು ಮನೆ ತೋರಿಸಬೇಕು. ಹಾಲು, ಎರಡು ಕೋಣೆ, ಬಾಲ್ಕನಿ, ಪಪ್ಪಾ ಇದ್ದರೆ ಪಪ್ಪಾ. ನಾನು ಮಾತಿಲ್ಲದೆ ತೋರಿಸುತ್ತೇನೆ. ಒಮ್ಮೆ ಗಂಡ, "ಇದೆಂತ ಪೊಲೀಸ್ ತಪಾಸಣೆ?" ಎಂದು ತಮಾಷೆ ಮಾಡಿದರು. ಅವಳು ನಗಲಿಲ್ಲ.

ಕಳೆದ ವಾರ ಗಂಡನಿಗೆ ಜ್ವರ ಬಂತು. ಅವಳು ಕೇಳುವ ಮೊದಲೇ, "ಪಪ್ಪಾಗೆ ಜ್ವರ, ನೂರರ ಮೇಲೆ ಸ್ವಲ್ಪ. ಔಷಧಿ ಕೊಟ್ಟಿದ್ದೇನೆ, ಹೆದರುವಂಥದ್ದು ಎಂತದೂ ಇಲ್ಲ," ಎಂದೆ. ಇನ್ನು ಮುಂದೆ ಏನಿದ್ದರೂ ನಾನೇ ಮೊದಲು ಹೇಳಬೇಕು ಎಂದು ದೇವರ ಮುಂದೆ ನಿಶ್ಚಯಿಸಿಕೊಂಡಿದ್ದೆ.

"ಥರ್ಮಾಮೀಟರ್ ತೋರಿಸು," ಎಂದಳು.

ನಾನು ಅವರ ನಾಲಗೆಯಡಿಯಿಂದ ತೆಗೆದು ಫೋನಿಗೆ ಹಿಡಿದೆ. ಅವಳು ಮುಖ ಹತ್ತಿರ ತಂದು, ತುಟಿ ಅಲ್ಲಾಡಿಸುತ್ತ ಅಂಕೆಗಳನ್ನು ಓದಿದಳು.

"ಸರಿ," ಎಂದಳು.